ಕೆಂಪು ಗಂಟಿನ ಕಿವಿ

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಟೋಪಿ. ಬಿಸಿಲಿಗೆ ಹಾಕುವ ಟೋಪಿಯಲ್ಲ, ಚಳಿಗೆ ಹಾಕುವ ಟೋಪಿಯೂ ಅಲ್ಲ. ಭೂಮಿಯ ಸಹವಾಸ ಬಿಟ್ಟು ಮೇಲೆ ಹೋಗುವ ಗಗನಯಾತ್ರಿಗಳು ತಲೆಗೆ ಬಿಗಿಯಾಗಿ ತೊಟ್ಟುಕೊಳ್ಳುವ ಬಟ್ಟೆಯ ಟೋಪಿ. ಎರಡು ಕಿವಿಗೆ ಎರಡು ಪುಟ್ಟ ಸ್ಪೀಕರು, ತುಟಿಯ ಹತ್ತಿರಕ್ಕೆ ಬಾಗಿ ಬರುವ ಎರಡು ಮೈಕು. ಬಾಯಿ ಒಂದೇ ಇರುವಾಗ ಮೈಕು ಎರಡೇಕೆ ಎಂದರೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಈ ಟೋಪಿಯ ಮೇಲೆ ಗಾಜಿನ ಮುಖದ ಹೆಲ್ಮೆಟ್ ಕೂತು, ಕೊರಳಿನ ಬಳಿ ಕಟಕ್ಕೆಂದು ಬೀಗ ಬಿತ್ತೆಂದರೆ ಮುಗಿಯಿತು. ಆಮೇಲೆ ಕಿವಿ ತುರಿಸಿದರೂ ಬೆರಳು ಒಳಗೆ ಹೋಗುವಂತಿಲ್ಲ. ಸರಿಮಾಡುವುದೇನಿದ್ದರೂ ಕೆಳಗೇ ಆಗಬೇಕು, ಹೊರಡುವ ಮುಂಚೆ.

ಹಾಗೆ ಸರಿಮಾಡುವವರ ಸಾಲಿನಲ್ಲಿ ಕೊನೆಯವನು ಕಿವಿಯಣ್ಣ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವನ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಹೊಟ್ಟೆ ಬಿಚ್ಚಿದ ರೇಡಿಯೋಗಳ ಮೇಜಿನ ಕೆಳಗೇ ಮಗುವಿಗೆ ಹಾಸಿಗೆ. ಅಕ್ಷರ ಕಲಿಯುವ ಮುಂಚೆಯೇ ಆ ಮಗು ಮೇಜಿನ ಕೆಳಗಿನಿಂದ, "ಅಪ್ಪಾ, ಈ ರೇಡಿಯೋಗೆ ಶೀತ ಆಗಿದೆ", "ಅದಕ್ಕೆ ಹಲ್ಲು ನೋವು" ಎಂದು ಹೇಳುತ್ತಿತ್ತಂತೆ. ಅಪ್ಪ ನಗುನಗುತ್ತಲೇ ಬಿಚ್ಚಿ ನೋಡಿದರೆ, ಮಗು ಹೇಳಿದ ಕಡೆಯೇ ತಂತಿ ಸಡಿಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಿದರೆ, ಇವನು ಹೊರಗಿನ ಕೋಣೆಯಿಂದಲೇ, "ಸಕ್ಕರೆ ಡಬ್ಬಿ ಮುಚ್ಚಳ ಸರಿಯಾಗಿ ಕೂತಿಲ್ಲ ನೋಡು" ಎನ್ನುತ್ತಿದ್ದ. "ಈ ಮನೇಲಿ ಕದ್ದು ಒಂದು ಚಮಚ ಸಕ್ಕರೆ ತಿನ್ನೋ ಸುಖಾನೂ ಇಲ್ಲ" ಎಂದು ಅವಳು ತವರಿಗೆ ದೂರು ಕೊಟ್ಟಿದ್ದೂ ಉಂಟು.

ಇಂಥ ಕಿವಿಯನ್ನು ಕಾರ್ಖಾನೆ ಬಿಟ್ಟೀತೆ? ಟೋಪಿ ಹೊಲಿಯುವ ಅಜ್ಜಿ, ಸ್ಪೀಕರು ಕೂರಿಸುವವರು, ಮೀಟರು ಹಿಡಿಯುವವರು ಎಲ್ಲರ ಕೈ ದಾಟಿದ ಮೇಲೆ ಟೋಪಿ ಕಿವಿಯಣ್ಣನ ಕೋಣೆಗೆ ಬರುತ್ತಿತ್ತು. ನಾಲ್ಕು ಗೋಡೆಗೂ ದಪ್ಪ ಬಟ್ಟೆ ಹೊದಿಸಿದ ಕೋಣೆ. ಒಳಗೆ ಕೂತರೆ ಸ್ವಂತ ಎಂಜಲು ನುಂಗುವ ಸದ್ದೂ ಕೇಳಬೇಕು. ಪಕ್ಕದ ಕೋಣೆಯಲ್ಲಿ ಗಂಟಲಣ್ಣ. ಅವನ ಕೆಲಸ ಮೈಕಿನ ಮುಂದೆ ಕೂತು ಓದುವುದು. ಏನು ಓದಿದರೂ ನಡೆಯುತ್ತದೆ ಎಂದು ಅವನು ರೈಲಿನ ಹಳೆಯ ವೇಳಾಪಟ್ಟಿ ಓದುತ್ತಿದ್ದ. ಕಿವಿಯಣ್ಣ ಟೋಪಿ ತೊಟ್ಟು ಕಣ್ಣು ಮುಚ್ಚುತ್ತಿದ್ದ. ಎರಡು ಕಿವಿಯಲ್ಲೂ ದನಿ ಒಂದೇ ಸಮ ಇದ್ದರೆ ಆ ದನಿ ಎಡಕ್ಕೂ ಇರುವುದಿಲ್ಲ, ಬಲಕ್ಕೂ ಇರುವುದಿಲ್ಲ. ಎರಡು ಹುಬ್ಬಿನ ನಡುವೆ ಬಂದು ಕೂರುತ್ತದೆ. ಕೂರದಿದ್ದರೆ ಕಿವಿಯ ಹಿಂದಿನ ಪಟ್ಟಿ ಎತ್ತಿ, ಸಾಸಿವೆಯಷ್ಟು ದಪ್ಪದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ದನಿ ನಡುವಿಗೆ ಬಂದ ಕೂಡಲೇ ತಿರುಪಿನ ಮೇಲೆ ಒಂದು ತೊಟ್ಟು ಅರಗು. ಅದೇ ಮುದ್ರೆ. ಆಮೇಲೆ ಯಾರೂ ಮುಟ್ಟುವಂತಿಲ್ಲ.

ಸ್ಪೀಕರು ಕಟ್ಟುವ ಮೇಜು ಎರಡು. ಎಡಗಿವಿಯ ಮೇಜಿನಲ್ಲಿ ಡುಮ್ಮ. ತನ್ನ ಕೆಲಸಕ್ಕೆ ಬಿಳಿ ದಾರದ ಗಂಟು ಹಾಕುತ್ತಿದ್ದ. ಬಲಗಿವಿಯ ಮೇಜಿನಲ್ಲಿ ಕಿವಿಯಣ್ಣನ ಹೆಂಡತಿಯ ತಂಗಿ, ಅಂದರೆ ನಾದಿನಿ. ಅವಳದು ಕೆಂಪು ಗಂಟು. ಅವಳನ್ನು ಕೆಲಸಕ್ಕೆ ಸೇರಿಸಿದ್ದೂ, ತಂತಿ ಬೆಸೆಯುವುದನ್ನು ಕಲಿಸಿದ್ದೂ ಕಿವಿಯಣ್ಣನೇ. ಅವಳ ಮನೆ ಇವನ ಮನೆಯ ಮಹಡಿಯ ಮೇಲೆ. ಸಂಜೆ ಅಕ್ಕನ ಅಡುಗೆಮನೆಯಲ್ಲಿ ಟೀ ಕುಡಿಯದೆ ಅವಳು ಮೆಟ್ಟಿಲು ಹತ್ತಿದ್ದೇ ಇಲ್ಲ.

ಇಷ್ಟು ಚೆನ್ನಾಗಿದ್ದ ಮನೆ ಮನಸ್ಸುಗಳೊಳಗೆ ಹುಳ ಹೊಕ್ಕದ್ದು ಯಾವತ್ತು ಎಂದು ಕೇಳಿದರೆ ಕಿವಿಯಣ್ಣನಿಗೇ ಗೊತ್ತಿಲ್ಲ. ಒಂದು ದಿನ ಟೋಪಿ ತೊಟ್ಟು ಕೂತಾಗ ಗಂಟಲಣ್ಣನ ದನಿ ಹುಬ್ಬಿನ ನಡುವೆ ಕೂರಲಿಲ್ಲ. ಎಡಹುಬ್ಬಿನ ಮೇಲೆ ಹೋಗಿ ಕೂತಿತು. ಬಲಗಿವಿಯ ಸದ್ದು ಸಣ್ಣಗಿದೆ ಅಂದುಕೊಂಡು ಬಲದ ತಿರುಪು ತಿರುಗಿಸಿದ, ದನಿ ನಡುವಿಗೆ ಬಂತು. ಮರುದಿನದ ಟೋಪಿಯೂ ಹಾಗೇ. ಅದರ ಮರುದಿನವೂ. ದಿನಕಳೆದಂತೆ ತಿರುಪು ಇನ್ನಷ್ಟು, ಇನ್ನಷ್ಟು ತಿರುಗಬೇಕಾಯಿತು. ಪ್ರತಿಸಲವೂ ಕೆಂಪು ಗಂಟಿನ ಕಡೆಯೇ!

ಮೀಟರು ಹಿಡಿದು ನೋಡಿದ. ಮುಳ್ಳು ಹಸಿರು ಪಟ್ಟಿಯೊಳಗೇ ಇತ್ತು. ತಿರುಪು ತಿರುಗಿಸಿದ ಮೇಲೂ ಹಸಿರಿನೊಳಗೇ, ಆದರೆ ಅಂಚಿಗೆ ಬಂದು ನಿಂತಿರುತ್ತಿತ್ತು.

"ಹಸಿರು ಅಂದ್ರೆ ಹಸಿರು ಕಣಣ್ಣ" ಎಂದ ಡುಮ್ಮ, ಬಾಯಲ್ಲಿದ್ದ ಬ್ರೆಡ್ಡು ನುಂಗುತ್ತ. "ಅಂಚಾದ್ರೇನು ನಡು ಆದ್ರೇನು?"

"ನಿನ್ನ ಹೊಟ್ಟೆ ಥರ ಅಲ್ಲಪ್ಪ ಇದು, ಎಲ್ಲಿ ತುಂಬಿದ್ರೂ ಆಯ್ತು ಅನ್ನೋಕೆ. ನಿನ್ನ ಬದಿ ಸರಿಯಾಗೇ ಇದೆ. ಆ ಬದಿ ಕೆಲಸ ಮಾತ್ರ ಯಾಕೋ…" ಕಿವಿಯಣ್ಣ ಮಾತು ಅಷ್ಟಕ್ಕೇ ಬಿಟ್ಟು ನಾದಿನಿಯ ಮೇಜಿನ ಕಡೆ ನೋಡಿದ. ಅವಳು ತಲೆ ತಗ್ಗಿಸಿ ತಂತಿ ಬೆಸೆಯುತ್ತಿದ್ದಳು. ತಲೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದಂತೆ ಇದ್ದಾಳೋ?

ಅವಳಿಗೆ ತನ್ನ ಮೇಲೆ ಸಿಟ್ಟಿರಲು ಕಾರಣವೂ ಒಂದಿತ್ತು. ಅದು ಕಿವಿಯಣ್ಣನಿಗೆ ಮಾತ್ರ ಗೊತ್ತು ಅಂತ ಅವನು ತಿಳಿದಿದ್ದ. ಕೇಳುವ ಕುರ್ಚಿಗೆ ಇನ್ನೊಬ್ಬರನ್ನು ತಯಾರು ಮಾಡಬೇಕು ಎಂದು ಹಿಂದೊಮ್ಮೆ ಮೇಡಂ ಹೇಳಿದ್ದರು. ಮೇಡಂ ಅಂದರೆ ಆ ವಿಭಾಗದ ಮುಖ್ಯಸ್ಥೆ. "ನಿಮ್ಮ ನಾದಿನಿ ಹೇಗೆ? ಚುರುಕಿದ್ದಾಳಲ್ಲ?" ಎಂದು ಕೇಳಿದ್ದರು. ಕಿವಿಯಣ್ಣ ತಲೆ ಕೆರೆದುಕೊಂಡು, "ಚುರುಕೇನೋ ಹೌದು ಮೇಡಂ, ತಾಳ್ಮೆ ಸಾಲದು" ಎಂದುಬಿಟ್ಟಿದ್ದ. ಮಾತು ಅಲ್ಲಿಗೆ ನಿಂತಿತ್ತು. ತಾಳ್ಮೆ ಇಲ್ಲದವಳು ದಿನವಿಡೀ ಕೂದಲಿನಂಥ ತಂತಿ ಬೆಸೆಯುತ್ತಾಳೆಯೇ? ಇದು ಅವನಿಗೂ ಗೊತ್ತಿತ್ತು. ತನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವುದು ಬೇಡವಾಗಿತ್ತು, ಅಷ್ಟೆ. ಈಗ ಅದು ಅವಳ ಕಿವಿಗೆ ಬಿದ್ದಿರಬೇಕು. ಅವತ್ತು ಬಾಗಿಲ ಬಳಿ ಸುಳಿದಾಡುತ್ತಿದ್ದ ಡುಮ್ಮನೇ ಹೇಳಿರುತ್ತಾನೆ. ಅದಕ್ಕೇ ಕೆಂಪು ಗಂಟಿನ ಸ್ಪೀಕರು ಬೇಕೆಂದೇ ಸಣ್ಣಗೆ ಮಾಡಿ ಕಳಿಸುತ್ತಿದ್ದಾಳೆ: ಭಾವನಿಗೆ ಗೊತ್ತಾಗುತ್ತೋ ಇಲ್ಲವೋ ನೋಡೋಣ, ಗೊತ್ತಾಗದಿದ್ದರೆ ಕುರ್ಚಿ ಖಾಲಿ.

ಒಮ್ಮೆ ಹೀಗೆ ಅನ್ನಿಸಿದ ಮೇಲೆ ನೋಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಗಿ ಕಂಡಿತು. ಮನೆಯಲ್ಲೂ ಗುಸುಗುಸು ಶುರುವಾಗಿತ್ತು. ಹೊಸ ಬೀರು ತಂದು ಇಟ್ಟಾಗ ಊಟದ ಮೇಜು ಗೋಡೆಗೆ ಸರಿದು, ಹೆಂಡತಿಯ ಕುರ್ಚಿ ಅವನ ಬಲಕ್ಕೆ ಬಂದಿತ್ತು. ಅಂದಿನಿಂದ ಅವಳು ಬಾಯಿ ಬಿಟ್ಟು ಮಾತಾಡಿದ್ದೇ ಇಲ್ಲ, ಎಲ್ಲ ಗೊಣಗಾಟ. ಸಂಜೆ ತಂಗಿ ಬಂದರಂತೂ ಇಬ್ಬರೂ ತಲೆಗೆ ತಲೆ ಹಚ್ಚಿ ಕೂತು ತುಟಿ ಆಡಿಸುತ್ತಿದ್ದರು. ಇವನು ಹತ್ತಿರ ಬಂದರೆ ಮೌನ.

"ಏನದು ಗುಟ್ಟು?" ಒಂದು ಸಂಜೆ ಕೇಳಿಯೇಬಿಟ್ಟ.

"ಗುಟ್ಟೇನ್ರೀ, ಸೊಪ್ಪು ತರಬೇಕಿತ್ತು ಅಂತಿದ್ದೆ" ಎಂದಳು ಹೆಂಡತಿ.

"ಸೊಪ್ಪಿನ ವಿಷಯಕ್ಕೆ ಅಕ್ಕತಂಗಿ ಇಷ್ಟು ಹತ್ತಿರ ಕೂರಬೇಕಾ?"

"ದೂರ ಕೂತು ಕೂಗಿದ್ರೆ ಬೀದಿಯವರೆಲ್ಲ ಸೊಪ್ಪು ತಂದುಕೊಡ್ತಾರೆ ಭಾವ" ಎಂದಳು ನಾದಿನಿ. ಅಕ್ಕ ನಕ್ಕಳು. ಕಿವಿಯಣ್ಣ ನಗಲಿಲ್ಲ. ಇಬ್ಬರ ಕಣ್ಣು ಒಂದು ಕ್ಷಣ ಕೂಡಿ ಬೇರೆಯಾದದ್ದನ್ನು ಅವನು ನೋಡಿದ್ದ. ಕಿವಿ ತಪ್ಪಿಸಬಹುದು, ಕಣ್ಣು ತಪ್ಪಿಸುವುದು ಕಷ್ಟ ಎಂದುಕೊಂಡ.

ಹೀಗಿರುವಾಗ ಯಾತ್ರಿಗಳಿಗೆ ತರಬೇತಿ ಕೊಡುವ ಅಧಿಕಾರಿ ಕಾರ್ಖಾನೆಗೆ ಬಂದ. ಎತ್ತರದ ಆಳು, ಮುಖ ಗಂಟು ಹಾಕಿಕೊಂಡೇ ಬಂದವನು. ತರಬೇತಿಗೆ ಕಳಿಸಿದ್ದ ಟೋಪಿಗಳನ್ನು ಮೇಡಂ ಅವರ ಮೇಜಿನ ಮೇಲೆ ಹರಡಿದ.

"ಟೋಪಿ ತೆಗೆದ ಕೂಡಲೇ ನಮ್ಮವರು ಬಲಗಿವಿ ಹಿಡ್ಕೊಂಡು ಹೊರಗೆ ಬರ್ತಾರೆ. ಕಪಾಳಕ್ಕೆ ಬಿದ್ದವರ ಹಾಗೆ" ಎಂದ. "ಅಪಾಯದ ಪೀಂಪೀಂ ಸದ್ದು ಬರೋದು ಬಲಗಿವಿಗೆ, ಭೂಮಿಯ ಮಾತು ಬರೋದು ಎಡಗಿವಿಗೆ. ಎರಡಕ್ಕೂ ಸೇರಿ ಇರೋದು ಒಂದೇ ಗುಂಡಿ. ಬಲಗಿವಿ ತಡೀಲಾರದೆ ಒಬ್ಬ ಗುಂಡಿ ತಿರುಗಿಸಿ ಸದ್ದು ತಗ್ಗಿಸಿಕೊಂಡ. ಎಡಗಿವಿಗೆ ನಾವು ಕೂಗಿದ್ದೇ ಕೂಗಿದ್ದು, ಅವನಿಗೆ ಕೇಳಿಸಲೇ ಇಲ್ಲ. ಇಲ್ಲಿ ತರಬೇತಿ ಕೋಣೆ, ಬಾಗಿಲು ತೆಗೆದು ಭುಜ ತಟ್ಟಿದ್ವಿ. ಮೇಲೆ ಯಾರು ಹೋಗಿ ಭುಜ ತಟ್ತಾರೆ?"

ಮೇಡಂ ಕಿವಿಯಣ್ಣನತ್ತ ನೋಡಿದರು. ಮರುಗಳಿಗೆಯಲ್ಲೇ ಅವನಿಗೆ ಎಲ್ಲವೂ ಗೆರೆ ಎಳೆದ ಹಾಗೆ ಸ್ಪಷ್ಟವಾಯಿತು. ತನ್ನ ಕೋಣೆಗೆ ಬರುವಾಗ ಬಲಗಿವಿ ಸಣ್ಣಗಿರುತ್ತದೆ. ತಾನು ಸರಿಮಾಡಿ ಮುದ್ರೆ ಹಾಕಿ ಕಳಿಸುತ್ತೇನೆ. ಹೊರಗೆ ಹೋದ ಮೇಲೆ ಅದೇ ಬಲಗಿವಿ ಜೋರಾಗುತ್ತದೆ! ಅಂದರೆ ಮುದ್ರೆ ಬಿದ್ದ ಮೇಲೆ ಯಾರೋ ಅರಗು ಕರಗಿಸಿ, ತಿರುಪು ತಿರುಗಿಸಿ, ಮತ್ತೆ ಅರಗು ಹಾಕುತ್ತಿದ್ದಾರೆ. ಮುದ್ರೆಯಾದ ಟೋಪಿಗಳನ್ನು ಪೆಟ್ಟಿಗೆ ತುಂಬುವ ಕೋಣೆಗೆ ಹೊತ್ತುಕೊಂಡು ಹೋಗುವವರು ಯಾರು? ತಂತಿ ಬೆಸೆಯುವ ಬಿಸಿ ಕಡ್ಡಿ ಸದಾ ಕೈಯಲ್ಲೇ ಇರುವವರು ಯಾರು?

"ಮೇಡಂ, ನನ್ನ ಕೈ ದಾಟಿದ ಮೇಲೆ ಯಾರೋ ಕೈಯಾಡಿಸ್ತಿದ್ದಾರೆ" ಎಂದ.

"ಯಾರು?"

ಅವನು ಹೆಸರು ಹೇಳಲಿಲ್ಲ. ಗಾಜಿನ ಆಚೆ ಕಾಣುತ್ತಿದ್ದ ಬಲಗಿವಿಯ ಮೇಜಿನ ಕಡೆ ಕತ್ತು ತಿರುಗಿಸಿದ, ಅಷ್ಟೆ. ಮನೆಯ ಹೆಣ್ಣುಮಗಳ ಮೇಲೆ ಬೆರಳು ತೋರಿಸಲಿಲ್ಲ ಎಂಬ ಸಮಾಧಾನ ಬೇರೆ! ಬೆರಳು ಮಾಡುವ ಕೆಲಸವನ್ನು ಕತ್ತು ಮಾಡಿ ಮುಗಿಸಿತ್ತು.

ಮೇಡಂ ಸುಮ್ಮನೆ ಕೂರುವವರಲ್ಲ. ನಾಳೆ ಬೆಳಿಗ್ಗೆ ತರಬೇತಿಯ ಅಧಿಕಾರಿಯ ಎದುರೇ ವಿಚಾರಣೆ ಎಂದರು. ಕೈಯಾಡಿಸಿದ್ದು ನಿಜವಾದರೆ ಆಕೆ ಸಂಜೆಯೊಳಗೆ ಕೆಲಸದಿಂದ ಹೊರಗೆ. ಬೇರೆ ಎಲ್ಲೂ ಇಂಥ ಕೆಲಸ ಸಿಗದ ಹಾಗೆ ಹೊರಗೆ. ಈ ಸಲದ ಯಾತ್ರೆಯ ಟೋಪಿಗಳು ಆಗಲೇ ಪೆಟ್ಟಿಗೆ ಸೇರಿದ್ದವು. ನಾಳೆ ಮಧ್ಯಾಹ್ನ ಲಾರಿ. ತಿರುಪನ್ನೇನೋ ಇಲ್ಲೇ ಮತ್ತೊಮ್ಮೆ ನೋಡಿ ಸರಿಮಾಡಿ ಕಳಿಸಬಹುದು. ಆದರೆ ಕಳ್ಳ ಕೈ ಯಾರದು ಎಂದು ಗೊತ್ತಾಗದೆ ಸರಿಮಾಡಿ ಏನು ಫಲ?

ಕಿವಿಯಣ್ಣನಿಗೆ ಬರೀ ಅನುಮಾನ ಹೊತ್ತು ವಿಚಾರಣೆಗೆ ಹೋಗಲು ಮನಸ್ಸಾಗಲಿಲ್ಲ. ಕೈಯಲ್ಲಿ ಪುರಾವೆ ಬೇಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಗಂಟಲಣ್ಣನನ್ನು ತಡೆದ.

"ಸ್ವಲ್ಪ ಓದು."

"ಊಟದ ಹೊತ್ತಲ್ಲಿ ಯಾವ ರೈಲು ಹಿಡೀಬೇಕೋ ನಿಂಗೆ?" ಗೊಣಗುತ್ತ ಅವನು ಮೈಕಿನ ಮುಂದೆ ಕೂತ.

ಕಿವಿಯಣ್ಣ ಒಂದು ಹೊಸ ಟೋಪಿ ಎತ್ತಿಕೊಂಡ. ಕೆಂಪು ಗಂಟಿನ ಸ್ಪೀಕರನ್ನು ಬಲದಿಂದ ತೆಗೆದು ಎಡಕ್ಕೆ ಹಾಕಿದ, ಬಿಳಿ ಗಂಟಿನದನ್ನು ಬಲಕ್ಕೆ. ಈಗ ಎಡಗಿವಿ ಸಣ್ಣಗಾಗಬೇಕು. ಸಣ್ಣಗಾದರೆ ಕಳ್ಳಿ ಸಿಕ್ಕಿಬಿದ್ದಳು. ಟೋಪಿ ತೊಟ್ಟು ಕಣ್ಣು ಮುಚ್ಚಿದ. ಗಂಟಲಣ್ಣನ ರೈಲು ಹೊರಟಿತು. ಬಂದು ಕೂತದ್ದು ಎಡಹುಬ್ಬಿನ ಮೇಲೆ. ಬಲಗಿವಿಯೇ ಸಣ್ಣಗೆ!

"ಎಲಾ ಇವಳ!" ಎಂದ ಕಿವಿಯಣ್ಣ. "ಹೀಗೆ ಮಾಡ್ತೀನಿ ಅಂತ ಮೊದಲೇ ತಿಳಿದು ಗಂಟು ಅದಲುಬದಲು ಮಾಡಿಟ್ಟಿದ್ದಾಳೆ."

ಸರಿ, ಎರಡೂ ಕಡೆ ಬಿಳಿ ಗಂಟನ್ನೇ ಹಾಕಿದ. ಬಲಗಿವಿ ಸಣ್ಣಗೆ. ಹಾಗಾದರೆ ಡುಮ್ಮನೂ ಅವಳ ಜೊತೆ ಸೇರಿದ್ದಾನೆ! ಆ ಬ್ರೆಡ್ಡು ಸುಮ್ಮನೆ ಬಂದದ್ದಲ್ಲ; ಅವಳೇ ದಿನಾ ತಂದುಕೊಡುತ್ತಾಳೆ, ನೋಡಿದ್ದಾನೆ. ಎರಡೂ ಕಡೆ ಕೆಂಪು ಗಂಟು ಹಾಕಿದ. ಆಗಲೂ ಬಲಗಿವಿಯೇ ಸಣ್ಣಗೆ. ಟೋಪಿ ಹೊಲಿಯುವ ಅಜ್ಜಿ ಬಲಗಡೆಯ ಜೇಬಿನಲ್ಲಿ ಹತ್ತಿ ಹೆಚ್ಚು ತುರುಕುತ್ತಿದ್ದಾಳೆಯೇ? ಅಜ್ಜಿಗೇನು ದ್ವೇಷ? ಹಿಂದೊಮ್ಮೆ ಅವಳ ಹೊಲಿಗೆಯನ್ನು ಗೋಣಿಚೀಲದ ಹೊಲಿಗೆ ಅಂದಿದ್ದ. ಅದನ್ನೇ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳಾ ಮುದುಕಿ?

ಅವನ ಲೆಕ್ಕದಲ್ಲಿ ಇನ್ನು ಉಳಿದದ್ದು ಒಂದೇ ಟೋಪಿ. ಮೂಲೆಯ ಗಾಜಿನ ಬೀರುವಿನಲ್ಲಿ ಮಾದರಿ ಟೋಪಿ ಇತ್ತು. ಅವನಿಗೆ ಕೆಲಸ ಕಲಿಸಿದ ಗುರು ತಮ್ಮ ಕೈಯಾರೆ ಮಾಡಿ, ಸರಿಮಾಡಿ, ಮುದ್ರೆ ಹಾಕಿ ಇಟ್ಟದ್ದು. ನಾದಿನಿ ಕೆಲಸಕ್ಕೆ ಸೇರುವ ಎಷ್ಟೋ ಮುಂಚಿನದು. ಅದನ್ನು ಕಿವಿಯಣ್ಣ ವರ್ಷಗಳಿಂದ ಹೊರಗೆ ತೆಗೆದಿರಲಿಲ್ಲ. ತನ್ನ ಕಿವಿ ಇರುವಾಗ ಮಾದರಿ ಯಾಕೆ ಎಂಬ ಜಂಬ. ಬೀರುವಿನ ಬೀಗದಕೈ ಇದ್ದದ್ದು ಒಂದೇ, ಅದು ಅವನ ಕೊರಳಿನ ದಾರದಲ್ಲಿ. ಬೀಗ ತೆಗೆದ. ಧೂಳು ಊದಿ ಟೋಪಿ ತೊಟ್ಟ. ಗಂಟಲಣ್ಣ ಓದುತ್ತಿದ್ದ.

ದನಿ ಎಡಹುಬ್ಬಿನ ಮೇಲೇ ಹೋಗಿ ಕೂತಿತು.

ನಾದಿನಿ ಗಂಟು ಬದಲಾಯಿಸಬಹುದು, ಡುಮ್ಮ ಅವಳ ಜೊತೆ ಸೇರಬಹುದು, ಅಜ್ಜಿ ಹತ್ತಿ ತುರುಕಬಹುದು. ಆದರೆ ಈ ಬೀರುವಿನೊಳಗೆ ಕೈ ಹಾಕುವವರು ಯಾರು? ಕಿವಿಯಣ್ಣ ಕೊರಳಿನ ಬೀಗದಕೈ ಮುಟ್ಟಿ ನೋಡಿಕೊಂಡ. ಅದು ಎಲ್ಲೂ ಹೋಗಿರಲಿಲ್ಲ. ಟೋಪಿ ಹಳತಾಗಿ ಒಂದು ಬದಿ ಸೊರಗಿರಬಹುದು ಎಂದು ಕೊನೆಯ ನೆವವೊಂದನ್ನು ಹುಡುಕಿದ. ಹಾಗಿದ್ದರೆ ಅದನ್ನೂ ನೋಡಿಬಿಡೋಣ. ಟೋಪಿ ತೆಗೆದು ಹಿಂದುಮುಂದಾಗಿ ಹಾಕಿಕೊಂಡ. ಮೈಕುಗಳೆರಡೂ ಕತ್ತಿನ ಹಿಂದೆ ಹೋದವು, ಎಡದ ಸ್ಪೀಕರು ಬಲಗಿವಿಗೆ ಬಂತು, ಬಲದ್ದು ಎಡಗಿವಿಗೆ. ಸೊರಗಿದ್ದು ಟೋಪಿಯಾದರೆ ದನಿ ಈಗ ಬಲಹುಬ್ಬಿಗೆ ಹೋಗಬೇಕು.

ಹೋಗಲಿಲ್ಲ. ಎಡಹುಬ್ಬಿನ ಮೇಲೆ, ತನ್ನ ಜಾಗದಲ್ಲೇ, ಗಟ್ಟಿಯಾಗಿ ಕೂತಿತ್ತು.

"ಇನ್ನೂ ಓದ್ಲಾ, ಸಾಕಾ?" ಗಂಟಲಣ್ಣ ಕೇಳಿದ.

"ಸಾಕು" ಎಂದ ಕಿವಿಯಣ್ಣ. "ಹೋಗು, ಊಟ ಮಾಡು."

ಕೆಂಪು ಗಂಟಿನ ತಪ್ಪಲ್ಲ, ಬಿಳಿ ಗಂಟಿನದೂ ಅಲ್ಲ. ಅವನ ಬಲಗಿವಿ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿತ್ತು. ಮನೆಮಂದಿಗೆಲ್ಲ ಗೊತ್ತಾಗುವ ಕಳ್ಳತನ ಮನೆಯ ಯಜಮಾನನಿಗೇ ಗೊತ್ತಾಗಿರಲಿಲ್ಲ. ತನ್ನ ಕಿವಿಗೆ ಸರಿಹೋಗುವಂತೆ ಎಲ್ಲ ಟೋಪಿಗಳನ್ನೂ ಅವನೇ ಕೆಡಿಸಿದ್ದ. ಅರಗು ಕರಗಿಸಿದವರು ಯಾರೂ ಇರಲಿಲ್ಲ.

ಗೊತ್ತಾಯಿತು, ನಿಜ. ಆದರೆ ಗೊತ್ತಾದ ಕೂಡಲೇ ಬಾಯಿ ತೆರೆಯುತ್ತದೆಯೇ? ಸಂಜೆಯವರೆಗೂ ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಯಿತು. ಕುರ್ಚಿ ಹೋದ ಮೇಲೆ ಕಿವಿಯಣ್ಣ ಯಾರು? ಹೇಳದಿದ್ದರೆ? ನಾದಿನಿ ಹೇಗೂ ವಾದ ಮಾಡುತ್ತಾಳೆ, ಮೇಡಂ ಒಂದೆರಡು ಮಾತು ಬೈದು ಬಿಡುತ್ತಾರೆ, ತಾನು ಇನ್ನು ಮುಂದೆ ಎಡಗಿವಿಯನ್ನೇ ನಂಬಿ ಹೇಗೋ ನಿಭಾಯಿಸಬಹುದು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಮನೆಗೆ ಬಂದ.

ಅಕ್ಕತಂಗಿಯರು ಮಾಮೂಲಿನಂತೆ ತಲೆಗೆ ತಲೆ ಹಚ್ಚಿ ಕೂತಿದ್ದರು. ಇವನು ಊಟದ ಮೇಜಿಗೆ ಹೋಗಿ ತನ್ನ ಕುರ್ಚಿಯನ್ನು ಒಂದಿಷ್ಟು ತಿರುಗಿಸಿಕೊಂಡ. ಎಡಗಿವಿ ಅವರ ಕಡೆಗಾಯಿತು. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಮತ್ತೆ ಗುಸುಗುಸು ಶುರುವಾಯಿತು. ಈಗ ಅದು ಗೊಣಗಾಟವಾಗಿರಲಿಲ್ಲ. ಪ್ರತಿಯೊಂದು ಮಾತೂ ಸ್ವಚ್ಛವಾಗಿ ಕೇಳಿಸಿತು.

"ನೀನೇ ಹೇಳಿಬಿಡು ಅಕ್ಕಾ ಅಂತ ಎಷ್ಟು ದಿನದಿಂದ ಬಡ್ಕೊತಿದ್ದೀನಿ."

"ಏನಂತ ಹೇಳ್ಲಿ? ನಿಮ್ಮ ಕಿವಿ ಮಂದ ಆಗಿದೆ ಅಂತ ಈ ಮನುಷ್ಯನಿಗೆ ಹೇಳೋದೂ ಒಂದೇ, ನೀವು ಸತ್ತುಹೋಗಿದ್ದೀರಿ ಅನ್ನೋದೂ ಒಂದೇ."

"ಫೋನು ಎಡಗಿವೀಗೇ ಹಿಡೀತಾರೆ. ಬಾಗಿಲು ತಟ್ಟಿದ್ರೆ ಕಿಟಕಿ ಕಡೆ ನೋಡ್ತಾರೆ. ಹೋಗಲಿ ಬಿಡು. ನಾಳೆ ನಾನೇ ಒಪ್ಕೊತೀನಿ. ಕೆಲಸದಲ್ಲಿ ತಪ್ಪಾಗಿದೆ ಅಂತೀನಿ. ಟೋಪಿಗಳನ್ನ ಮೀಟರು ನೋಡಿ ಸರಿಮಾಡಿ ಕಳಿಸ್ಲಿ."

"ನಿನ್ನ ಕೆಲಸ ಹೋಗುತ್ತಲ್ಲೇ!"

"ನಂಗೆ ಕೈ ಇದೆ, ಬೇರೆ ಏನಾದ್ರೂ ಮಾಡ್ಕೊತೀನಿ. ಅವರಿಗೆ ಆ ಕಿವಿ ಬಿಟ್ರೆ ಏನಿದೆ ಅಕ್ಕಾ?"

ಪೇಪರಿನ ಹಿಂದೆ ಕಿವಿಯಣ್ಣನ ಮುಖ ಬಿಸಿಯಾಯಿತು. ಗುಟ್ಟು ಇದ್ದದ್ದು ನಿಜವೇ. ಅವನ ಅನುಮಾನದಲ್ಲಿ ಅಷ್ಟು ಮಾತ್ರ ನಿಜ. ಆದರೂ ಅನುಮಾನ ಅಷ್ಟು ಸುಲಭಕ್ಕೆ ಮನೆ ಬಿಟ್ಟು ಹೋಗುತ್ತದೆಯೇ? ನಾನು ಕುರ್ಚಿ ತಿರುಗಿಸಿದ್ದು ನೋಡಿ, ಕೇಳಿಸಲಿ ಅಂತಲೇ ಹೀಗೆ ಮಾತಾಡುತ್ತಿರಬಹುದಲ್ಲ ಎಂದು ಅದು ಕೊನೆಯ ಸಲ ಹೆಡೆ ಎತ್ತಿತು. ಪೇಪರಿನ ಅಂಚಿನಿಂದ ಇಣುಕಿದ. ನಾದಿನಿ ಅವನ ಕಡೆ ನೋಡುತ್ತಲೇ ಇರಲಿಲ್ಲ. ಟೀ ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ಬಳಿಯುತ್ತ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

ಬೆಳಿಗ್ಗೆ ವಿಚಾರಣೆಗೆ ಎಲ್ಲರೂ ಸೇರಿದರು. ಮೇಡಂ, ತರಬೇತಿಯ ಅಧಿಕಾರಿ, ಡುಮ್ಮ, ಅಜ್ಜಿ, ಗಂಟಲಣ್ಣ. ಮಧ್ಯಾಹ್ನದ ಲಾರಿ ಬೆಳಿಗ್ಗೆಯೇ ಬಂದು ಅಂಗಳದಲ್ಲಿ ನಿಂತಿತ್ತು. ಕಿವಿಯಣ್ಣ ಒಂದು ಚೀಲ ಹಿಡಿದು ಬಂದು ಮೂಲೆಯಲ್ಲಿ ನಿಂತ.

"ಹೇಳಮ್ಮ" ಎಂದರು ಮೇಡಂ. "ಮುದ್ರೆ ಆದ ಮೇಲೆ ಟೋಪಿ ಮುಟ್ಟಿದ್ದೀಯಾ?"

"ಇಲ್ಲ ಮೇಡಂ" ಎಂದಳು ನಾದಿನಿ. "ಆದರೆ ಬಲಗಿವಿ ಕೆಲಸ ನನ್ನದು. ತಪ್ಪಿದ್ರೆ ನನ್ನದೇ ಇರಬೇಕು."

"ಇರಬೇಕು ಅಂದ್ರೇನು? ಇದೆಯೋ ಇಲ್ಲವೋ?"

"ಇದೆ ಅಂತ ಇಟ್ಕೊಳ್ಳಿ."

"ಇಟ್ಕೊಳ್ಳೋಕೆ ಅದೇನು ಬುಟ್ಟಿಯೇನಮ್ಮ!" ಅಧಿಕಾರಿ ಗದರಿದ. ಅಜ್ಜಿ ಲೊಚಗುಟ್ಟಿದಳು. ಮೇಡಂ ಕಿವಿಯಣ್ಣನ ಕಡೆ ತಿರುಗಿ, "ನೀವೇನಂತೀರಿ?" ಎಂದರು.

ಆ ಕ್ಷಣ ಅವನು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಕತ್ತಿಗೆ ಆ ಅಭ್ಯಾಸ ಆಗಿಯೂ ಇತ್ತು. ಅವನು ನಾದಿನಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಬೇಡ ಎಂಬಂತೆ ಮಾಡಿದಳು. ಅದನ್ನು ನೋಡಿದ ಮೇಲೆ ಸುಮ್ಮನಿರಲು ಅವನಿಂದ ಆಗಲಿಲ್ಲ.

ಚೀಲದಿಂದ ಮಾದರಿ ಟೋಪಿ ತೆಗೆದು ಹಿಂದುಮುಂದಾಗಿ ತಲೆಗೆ ಹಾಕಿಕೊಂಡ. ಕತ್ತಿನ ಹಿಂದೆ ಮೈಕುಗಳೆರಡು ಕೊಂಬು ಜಾರಿದ ಹಾಗೆ ನೇತಾಡಿದವು. ಡುಮ್ಮ ಕಿಸಕ್ಕೆಂದ.

"ನಗು, ನಗು" ಎಂದ ಕಿವಿಯಣ್ಣ. "ನಿನ್ನ ಮೇಲೂ ಅನುಮಾನ ಪಟ್ಟಿದ್ದೆ. ಅಜ್ಜಿ, ನಿಮ್ಮ ಮೇಲೂ."

"ನನ್ನ ಮೇಲೆ? ನಾನೇನು ಮಾಡಿದೆನೋ ಪುಣ್ಯಾತ್ಮ?"

"ಹತ್ತಿ ತುರುಕಿದ್ದೀರಿ ಅಂತ. ಮೇಡಂ, ಯಾರೂ ಏನೂ ಮಾಡಿಲ್ಲ. ಟೋಪಿ ಹೇಗೆ ಹಾಕಿದ್ರೂ ನಂಗೆ ಬಲಗಡೆ ಸಣ್ಣಗೇ ಕೇಳುತ್ತೆ. ಕೆಟ್ಟಿರೋದು ಈ ಕಿವಿ. ತಿರುಪು ತಿರುಗಿಸಿ ತಿರುಗಿಸಿ ಟೋಪಿಗಳನ್ನೆಲ್ಲ ಕೆಡಿಸಿದ್ದು ನಾನು. ಪೆಟ್ಟಿಗೇಲಿರೋವೂ ಹಾಗೇ ಇವೆ. ಲಾರಿ ನಿಲ್ಲಿಸಿ."

ಮೇಡಂ ಕೇಳಿದರು, "ಎಷ್ಟು ದಿನದಿಂದ?"

"ಅದೇ ಗೊತ್ತಿಲ್ಲ. ಗೊತ್ತಿದ್ರೆ ಮನೆಮಂದಿ ಮೇಲೆ ಯಾಕೆ ಅನುಮಾನ ಪಡ್ತಿದ್ದೆ?" ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ. "ಇವಳಿಗೆ ತಾಳ್ಮೆ ಇಲ್ಲ ಅಂದಿದ್ದೆ. ಅದೂ ಸುಳ್ಳು."

ಅಧಿಕಾರಿಗೆ ಸಿಟ್ಟು ಇಳಿಯಲಿಲ್ಲ. ಇಳಿಯಬೇಕಾದ ಕಾರಣವೂ ಇರಲಿಲ್ಲ. ಕಿವಿಯಣ್ಣನ ಭುಜ ಮುಟ್ಟಿ ಸಮಾಧಾನ ಹೇಳಿದವರು ಯಾರೂ ಇಲ್ಲ. ಪೆಟ್ಟಿಗೆಗಳು ಅಂಗಳದಿಂದ ಒಳಗೆ ಬಂದವು. ಅರಗೆಲ್ಲ ಕೆರೆದು ತೆಗೆದು, ಒಂದೊಂದೇ ಟೋಪಿಯನ್ನು ಮತ್ತೆ ಕೇಳಬೇಕಾಯಿತು. ಕೇಳಲು ಯಾರು ಕೂರುವುದು ಎಂದಾಗ ಮೇಡಂ ನಾದಿನಿಗೆ ಕುರ್ಚಿ ತೋರಿಸಿದರು. ಅವಳು ಕೂರಲು ಅಂಜಿದಳು. "ಕೂತ್ಕೋಮ್ಮ, ಅದು ಕಚ್ಚಲ್ಲ" ಎಂದು ಕಿವಿಯಣ್ಣನೇ ಹೇಳಬೇಕಾಯಿತು. ಹೇಳಿ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಮುಖ ತೊಳೆದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ.

ಅಂದಿನಿಂದ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಬಿತ್ತು. ಪ್ರತಿ ಟೋಪಿಯನ್ನೂ ಒಮ್ಮೆ ನೇರ, ಒಮ್ಮೆ ಹಿಂದುಮುಂದಾಗಿ ತೊಟ್ಟು ಕೇಳಬೇಕು. ಹೊಸದಾಗಿ ಸೇರಿದವರು ಮೈಕನ್ನು ಕತ್ತಿನ ಹಿಂದೆ ಜೋತುಬಿಟ್ಟುಕೊಂಡು ಕೂತವರನ್ನು ನೋಡಿ ಇದೆಂಥ ಮೂಢನಂಬಿಕೆ ಎಂದು ನಗುತ್ತಾರೆ. ಅದರ ಹೆಸರು ಕಿವಿಯಣ್ಣನ ಸುತ್ತು ಎಂದು ಡುಮ್ಮ ಅವರಿಗೆ ಗಂಭೀರವಾಗಿ ತಿಳಿಸುತ್ತಾನೆ.

ಗಂಟಲಣ್ಣ ಮಗಳ ಊರಿಗೆ ಹೋಗಿ ನೆಲೆಸಬೇಕೆಂದು ಎಷ್ಟೋ ಕಾಲದಿಂದ ಹೇಳುತ್ತಿದ್ದ. ಅವನು ಹೋದ ಮೇಲೆ ಮೈಕಿನ ಮುಂದಿನ ಜಾಗಕ್ಕೆ ಕಿವಿಯಣ್ಣನನ್ನು ಕೂರಿಸಿದರು. ಕೇಳುವ ಕೆಲಸ ಹೋಗಿ ಕೇಳಿಸುವ ಕೆಲಸ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಮನೆಯಲ್ಲಿ ಬೀರು ಜಾಗ ಬದಲಾಯಿಸಿತು, ಹೆಂಡತಿಯ ಕುರ್ಚಿ ಎಡಕ್ಕೆ ಬಂತು. ಅವಳು ಬಾಯಿ ಬಿಟ್ಟು ಮಾತಾಡುವುದನ್ನು ಮತ್ತೆ ಕಲಿತಿದ್ದಾಳೆ ಎಂದು ಅವನು ಎಲ್ಲರೆದುರೂ ಹೇಳುತ್ತಾನೆ.

ಅನುಮಾನ ಮಾತ್ರ ಪೂರ್ತಿ ಬಿಟ್ಟಿಲ್ಲ. ಅದೂ ಮನೆಯವರಲ್ಲಿ ಒಂದಾಗಿಬಿಟ್ಟಿದೆ. ಓದುವ ಕೋಣೆಯಲ್ಲಿ ಕೂತರೆ ನಾದಿನಿಯ ಮುಖ ಕಾಣುವುದಿಲ್ಲ. ಅವಳು ನಿಜವಾಗಿ ಕೇಳುತ್ತಿದ್ದಾಳೋ, ಕಣ್ಣು ಮುಚ್ಚಿದ ನೆವದಲ್ಲಿ ತೂಕಡಿಸುತ್ತಿದ್ದಾಳೋ ಎಂದು ಅವನಿಗೆ ಆಗಾಗ ಸಂಶಯ ಬರುತ್ತದೆ. ಆಗ ರೈಲಿನ ವೇಳಾಪಟ್ಟಿಯನ್ನು ಒಂದೇ ರಾಗದಲ್ಲಿ ಓದುತ್ತ ಓದುತ್ತ, ರಾಗ ಬದಲಿಸದೆ, "ಮುಂದಿನ ನಿಲ್ದಾಣದಲ್ಲಿ ನನ್ನ ನಾದಿನಿ ಗೊರಕೆ ಹೊಡೆಯುತ್ತಿದ್ದಾಳೆ, ಇಳಿಯುವವರು ಎಬ್ಬಿಸಿ ಇಳಿಯಿರಿ" ಎಂದು ಸೇರಿಸುತ್ತಾನೆ.

ಕೂಡಲೇ ಗೋಡೆಗೆ ಧಡ್ ಎಂದು ಒಂದು ಗುದ್ದು ಬೀಳುತ್ತದೆ. ಯಾವ ಗೋಡೆ ಎಂದು ಅವನಿಗೆ ತಿಳಿಯುವುದಿಲ್ಲ. ಒಂದೇ ಕಿವಿಯಲ್ಲಿ ದಿಕ್ಕು ಗೊತ್ತಾಗುವುದಿಲ್ಲ. ಆದರೂ ಅವನು ಅವಳ ಕೋಣೆಯ ಕಡೆಯ ಗೋಡೆಗೇ ತಿರುಗಿ, ಕತ್ತು ಆಡಿಸಿ, ಮುಂದಿನ ರೈಲು ಹತ್ತುತ್ತಾನೆ.